ಮಿನ್ಸ್‌ಮಿಯರ್: ಮರಳಿ ಬಂದ ಹಕ್ಕಿಗಳ ಜೌಗುನೆಲ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತ್ಯದಲ್ಲಿರುವ ಮಿನ್ಸ್‌ಮಿಯರ್ ಜೌಗುಪ್ರದೇಶವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಲುವೆ ತೋಡಿ, ನೀರು ಬಸಿದು ಹುಲ್ಲುಗಾವಲಾಗಿ ಮಾರ್ಪಡಿಸಲಾಗಿತ್ತು. ಜೌಗುಗಳು ಹೀಗೆ ಒಣಗಿದ್ದರಿಂದಲೂ ಬೇಟೆ ಹಾಗೂ ಮೊಟ್ಟೆಸಂಗ್ರಹದ ಹಾವಳಿಯಿಂದಲೂ ಅವೊಸೆಟ್, ಅಂದರೆ ಮೇಲಕ್ಕೆ ಬಾಗಿದ ಸಪೂರ ಕೊಕ್ಕನ್ನು ತೆಳುನೀರಿನಲ್ಲಿ ಎಡಬಲಕ್ಕೆ ಬೀಸುತ್ತ ಆಹಾರ ಹುಡುಕುವ ಕಪ್ಪು-ಬಿಳುಪು ಹಕ್ಕಿ, ಆ ಶತಮಾನದ ನಡುವಿನ ಹೊತ್ತಿಗೆ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದನ್ನೇ ನಿಲ್ಲಿಸಿತು.

1940ರಲ್ಲಿ ಜರ್ಮನ್ ಸೇನೆ ಕಡಲ ಮೂಲಕ ಬಂದಿಳಿಯದಂತೆ ತಡೆಯಲು ಈ ಬಯಲಿಗೆ ನೀರು ಹರಿಸಲಾಯಿತು. ಯುದ್ಧಕ್ಕಾಗಿ ಕೈಗೊಂಡ ಆ ಕ್ರಮವೇ ಜೌಗನ್ನು ಮತ್ತೆ ಜೀವಂತಗೊಳಿಸಿ, 1947ರಲ್ಲಿ ಅವೊಸೆಟ್‌ಗಳು ಮರಳಿ ಮರಿಮಾಡಲು ಅನುವಾಯಿತು. ಅದೇ ಕಾಲಕ್ಕೆ ಪಕ್ಷಿಸಂರಕ್ಷಣೆಯ ರಾಯಲ್ ಸೊಸೈಟಿ ಇಲ್ಲಿನ ಮೇಲ್ವಿಚಾರಣೆಯನ್ನು ವಹಿಸಿಕೊಂಡಿತು.

ಆದರೆ ಬೇಲಿ ಹಾಕಿ ಕಾವಲು ಕಾದರಷ್ಟೇ ಸಾಲದೆಂದು ಮನಗಂಡವನು 1959ರಲ್ಲಿ ಮೇಲ್ವಿಚಾರಕನಾಗಿ ಬಂದ ಪಕ್ಷಿವೀಕ್ಷಕ ಹರ್ಬರ್ಟ್ ಆಕ್ಸೆಲ್. ನೆಲವನ್ನು ಆಳವಿಲ್ಲದಂತೆ ಕೆರೆದು, ನಡುನಡುವೆ ಜಲ್ಲಿಕಲ್ಲಿನ ನಡುಗಡ್ಡೆಗಳನ್ನು ಉಳಿಸಿ, ತೂಬುಗಳ ಮೂಲಕ ನೀರಿನ ಮಟ್ಟವನ್ನೂ ಉಪ್ಪಿನಂಶವನ್ನೂ ನಿಯಂತ್ರಿಸುವ 'ಸ್ಕ್ರೇಪ್' ಎಂಬ ವ್ಯವಸ್ಥೆಯನ್ನು ಅವನು ರೂಪಿಸಿದ ಮೇಲೆ ಅವೊಸೆಟ್‌ಗಳು ಮಿನ್ಸ್‌ಮಿಯರ್‌ನಲ್ಲಿ ಸ್ಥಿರವಾಗಿ ನೆಲೆಯೂರಿದವು. 1971ರಲ್ಲಿ ಕೀಟನಾಶಕಗಳ ವಿಷದಿಂದಾಗಿ ಇಡೀ ಬ್ರಿಟನ್ನಿನಲ್ಲಿ ಜೌಗುಸೆಳೆವ (ಮಾರ್ಷ್ ಹ್ಯಾರಿಯರ್) ಎಂಬ ಬೇಟೆಹಕ್ಕಿಯ ಒಂದೇ ಒಂದು ಹೆಣ್ಣು ಗೂಡು ಕಟ್ಟಿದಾಗ ಅದಕ್ಕೆ ಆಸರೆಯಾದದ್ದು ಇಲ್ಲಿನ ಜೊಂಡುಬಯಲೇ. ಇಂದು ಆ ಹಕ್ಕಿಯ ನೂರಾರು ಜೋಡಿಗಳು ಆ ದೇಶದಲ್ಲಿ ಮರಿಮಾಡುತ್ತಿವೆ. ಕಳೆದುಹೋದ ಜೀವಿಗಳು ಮರಳಬೇಕಾದರೆ ನೀರು, ನೆಲ ಮತ್ತು ಆಹಾರಗಳ ನಡುವಿನ ಸಂಬಂಧವನ್ನು ಅರಿತು ನಿರಂತರವಾಗಿ ದುಡಿಯುವ ಕೈಗಳು ಬೇಕೆಂಬುದನ್ನು ಈ ಇತಿಹಾಸ ದೃಢಪಡಿಸುತ್ತದೆ.