ಕವಾಯಿಯ 698 ಮಕ್ಕಳು

ಪೆಸಿಫಿಕ್ ಸಾಗರದ ಹವಾಯಿ ದ್ವೀಪಸ್ತೋಮದಲ್ಲಿ ಕವಾಯಿ ಒಂದು ಪುಟ್ಟ ದ್ವೀಪ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ಅವರಿಗೆ ನಲವತ್ತು ತುಂಬುವವರೆಗೂ ಗಮನಿಸುತ್ತ ಬಂದರು. ಕಬ್ಬಿನ ತೋಟಗಳ ದುಡಿಮೆಗೆಂದು ವಲಸೆ ಬಂದವರ ಸಂತತಿಯೇ ಅಲ್ಲಿ ಹೆಚ್ಚು.

ಸುಮಾರು ಮೂರನೆಯ ಒಂದು ಪಾಲು ಮಕ್ಕಳಿಗೆ ಬಡತನ, ಹೆರಿಗೆಯ ತೊಡಕು, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ, ಹೀಗೆ ಹಲವು ಕಷ್ಟಗಳು ಎಳವೆಯಲ್ಲೇ ಗಂಟುಬಿದ್ದಿದ್ದವು. ಅವರಲ್ಲಿ ಮೂವರಿಗಿಬ್ಬರು ಓದಿನಲ್ಲೋ ನಡತೆಯಲ್ಲೋ ಎಡವಿದರು. ಅದೇನೂ ಅಚ್ಚರಿಯಲ್ಲ. ಅಚ್ಚರಿ ಹುಟ್ಟಿಸಿದ್ದು ಉಳಿದ 72 ಮಂದಿ. ಅವರು ಆತ್ಮವಿಶ್ವಾಸದಿಂದ, ಇತರರಿಗೆ ನೆರವಾಗುವಂತೆ ಬೆಳೆದಿದ್ದರು.

ಅಂಥವರಲ್ಲಿ ಕೆಲವರ ಸ್ವಭಾವವೇ ಹಸನ್ಮುಖದ್ದು. ಅದು ಹುಟ್ಟಿನ ಭಾಗ್ಯ ಎನ್ನೋಣ. ಆದರೆ ಶೈಶವದಲ್ಲಿ ಅವರನ್ನು ಅಕ್ಕರೆಯಿಂದ ನೋಡಿಕೊಂಡ ಹಿರಿಯರೊಬ್ಬರಾದರೂ ಇದ್ದರು. ಅದು ತಾಯಿಯೇ ಆಗಿರಬೇಕೆಂದಿರಲಿಲ್ಲ. ಅಜ್ಜಿ, ಚಿಕ್ಕಮ್ಮ ಯಾರೂ ಆಗಬಹುದಿತ್ತು. ಮುಂದೆ ಶಾಲೆಯ ಮೇಷ್ಟರು, ನೆರೆಹೊರೆಯವರೂ ಆಸರೆಯಾದರು. ಮಗು ಕೆಟ್ಟರೆ ತಾಯಿಯೊಬ್ಬಳನ್ನೇ ದೂರುವವರು ಇದನ್ನು ಗಮನಿಸಬೇಕು. ಮನೆಗೆಲಸದ ಹೊಣೆ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಜವಾಬ್ದಾರಿಯೂ ಹಲವರಿಗಿತ್ತು.

ಹದಿಹರೆಯದಲ್ಲಿ ದಾರಿ ತಪ್ಪಿದವರ ಕಥೆಯೂ ಅಲ್ಲಿಗೇ ಮುಗಿಯಲಿಲ್ಲ. ಸಮುದಾಯ ಕಾಲೇಜು, ಸೈನ್ಯದ ನೌಕರಿ, ಒಳ್ಳೆಯ ಬಾಳಸಂಗಾತಿ, ಇಂಥದ್ದೇನಾದರೂ ಕೈಹಿಡಿದು ಅವರಲ್ಲಿ ಬಹುಪಾಲು ಜನ ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು.