ಖಜಾನೆಯ ಮಂತ್ರಿ ಕಟ್ಟಿಸಿದ ಚರ್ಚು: ಕಾನ್‌ಸ್ಟಾಂಟಿನೋಪಲ್‌ನ ಕೋರಾ

ಬೈಜಾಂಟಿನ್ ಕಲೆಯ ಇತಿಹಾಸ ಬರೆಯುವವರಿಗೆ 14ನೆಯ ಶತಮಾನದ ಆರಂಭ ಒಂದು ತೊಡಕು. ಅನಟೋಲಿಯಾದ ಊರುಗಳು ಒಂದೊಂದಾಗಿ ತುರ್ಕರ ಕೈಸೇರುತ್ತಿದ್ದವು. ಖರ್ಚು ಉಳಿಸಲೆಂದು ಚಕ್ರವರ್ತಿ ಎರಡನೆಯ ಆಂಡ್ರೊನಿಕಸ್ 1285ರಲ್ಲಿ ನೌಕಾಪಡೆಯನ್ನೇ ವಿಸರ್ಜಿಸಿದ್ದ. ಸಂಬಳಕ್ಕೆ ಕರೆಸಿಕೊಂಡ ಕ್ಯಾಟಲನ್ ಸೈನಿಕರು ತಿರುಗಿಬಿದ್ದು ಥ್ರೇಸ್ ಪ್ರಾಂತವನ್ನು ಸುಲಿದಿದ್ದರು. ಹೈಪರ್‌ಪೈರಾನ್ ಎಂಬ ಚಿನ್ನದ ನಾಣ್ಯದಲ್ಲಿ ಚಿನ್ನದ ಪಾಲು ಅರ್ಧದತ್ತ ಇಳಿಯುತ್ತಿತ್ತು. ಅದೇ ವರ್ಷಗಳಲ್ಲಿ ರಾಜಧಾನಿಯ ಒಂದು ಮಠದ ಚರ್ಚಿನ ಕಮಾನು, ಗುಮ್ಮಟ, ಗೋಡೆಗಳಿಗೆಲ್ಲ ಚಿನ್ನದ ಹಾಳೆ ಹುದುಗಿಸಿದ ಗಾಜಿನ ಹರಳುಗಳು ಏರಿದವು. ಇದನ್ನು ಆರುವ ದೀಪದ ಕೊನೆಯ ಬೆಳಕು ಎಂದು ಬಣ್ಣಿಸುವುದು ರೂಢಿ. ಕೇಳಲು ಚೆನ್ನಾಗಿದೆ, ಆದರೆ ಖರ್ಚಿನ ಲೆಕ್ಕ ಅದರಿಂದ ಸಿಗುವುದಿಲ್ಲ. ರಾಜ್ಯದ ಬೊಕ್ಕಸ ಬರಿದಾಗುತ್ತಿದ್ದಾಗ ಈ ದುಡ್ಡು ಯಾರ ಕೈಯಲ್ಲಿತ್ತು? ಕೋರಾ ಚರ್ಚಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿದೆ. ಅದರ ಒಂದಷ್ಟು ಭಾಗ ಗೋಡೆಯ ಮೇಲೆಯೇ ಇದೆ.

ಕಟ್ಟಡದ ಹಿಂದಿನ ಚರಿತ್ರೆ ಇಲ್ಲಿ ಹೆಚ್ಚು ಬೇಡ. ನಗರದ ವಾಯವ್ಯ ಮೂಲೆಯಲ್ಲಿ, ಥಿಯೊಡೋಸಿಯಸ್‌ನ ಕೋಟೆಗೋಡೆಗೆ ಹತ್ತಿರದಲ್ಲಿದ್ದ ಹಳೆಯ ಮಠವಿದು. ಈಗಿನ ಚರ್ಚಿನ ಒಡಲನ್ನು 11ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದವಳು ಚಕ್ರವರ್ತಿ ಒಂದನೆಯ ಅಲೆಕ್ಸಿಯಸ್‌ನ ಅತ್ತೆ ಮರಿಯಾ ಡುಕೈನಾ. ಅಲೆಕ್ಸಿಯಸ್‌ನ ಮಗ ಐಸಾಕ್ ಕಾಮ್ನೆನಸ್ ಸುಮಾರು 1120ರಲ್ಲಿ ಅದನ್ನು ಮತ್ತೆ ಕಟ್ಟಿಸಿದ. 1204ರಲ್ಲಿ ನಾಲ್ಕನೆಯ ಕ್ರೂಸೇಡಿನವರು ನಗರವನ್ನು ಹಿಡಿದು ಕೊಳ್ಳೆ ಹೊಡೆದರು. 1261ರಲ್ಲಿ ಅದು ಗ್ರೀಕರ ಕೈಗೆ ಮರಳುವ ವೇಳೆಗೆ ನಗರದ ಎಷ್ಟೋ ಕಟ್ಟಡಗಳಂತೆ ಕೋರಾವೂ ಜೀರ್ಣವಾಗಿತ್ತು.

ಅದನ್ನು ಎತ್ತಿ ನಿಲ್ಲಿಸಿದವನು ಥಿಯೊಡೋರ್ ಮೆಟೊಕೈಟಿಸ್. 1270ರಲ್ಲಿ ಹುಟ್ಟಿದ. ತಂದೆ ಜಾರ್ಜ್, ರೋಮಿನ ಚರ್ಚಿನೊಡನೆ ಐಕ್ಯವಾಗಬೇಕೆಂಬ ಪಕ್ಷದವನು. ಆಂಡ್ರೊನಿಕಸ್ ಪಟ್ಟಕ್ಕೆ ಬಂದು ಆ ನೀತಿಯನ್ನು ಕೈಬಿಟ್ಟ ಮೇಲೆ ಸೆರೆಮನೆ ಸೇರಿದ. ಹೀಗೆ ರಾಜಕೋಪಕ್ಕೆ ಗುರಿಯಾದವನ ಮಗ ನೈಸಿಯಾದಲ್ಲಿ ಓದುತ್ತಾ ಬೆಳೆದ. 1290ರ ಸುಮಾರಿಗೆ ಅಲ್ಲಿಗೆ ಬಂದ ಚಕ್ರವರ್ತಿ ಈ ತರುಣನ ಪಾಂಡಿತ್ಯಕ್ಕೆ ಮೆಚ್ಚಿ ಆಸ್ಥಾನಕ್ಕೆ ಕರೆದುಕೊಂಡ. ಅಲ್ಲಿಂದ ಅವನ ಏಳಿಗೆಗೆ ತಡೆಯೇ ಇರಲಿಲ್ಲ. ಮಗಳು ಐರೀನ್‌ಳನ್ನು ಚಕ್ರವರ್ತಿಯ ಅಣ್ಣತಮ್ಮಂದಿರ ಮಕ್ಕಳಲ್ಲೊಬ್ಬನಿಗೆ ಮದುವೆ ಮಾಡಿಕೊಟ್ಟ. ಹಗಲು ರಾಜ್ಯಭಾರ, ರಾತ್ರಿ ಗ್ರಂಥರಚನೆ. ನಲವತ್ತು ದಾಟಿದ ಮೇಲೆ ಖಗೋಳಶಾಸ್ತ್ರ ಕಲಿತು ಅದರ ಮೇಲೂ ಗ್ರಂಥ ಬರೆದ. ಅವನ ಗ್ರೀಕ್ ಶೈಲಿ ಮಾತ್ರ ಬಲು ಗಡಚು. ಸಮಕಾಲೀನ ನಿಕೆಫೊರಸ್ ಕೌಮ್ನೊಸ್ ಅದನ್ನು ಬಹಿರಂಗವಾಗಿಯೇ ಟೀಕಿಸಿದ್ದ. ಓದಿದವರು ಕೌಮ್ನೊಸ್‌ನ ಪರವಾಗಿಯೇ ನಿಲ್ಲುತ್ತಾರೇನೋ.

ಜೀರ್ಣೋದ್ಧಾರ ನಡೆದದ್ದು ಸುಮಾರು 1315ರಿಂದ 1321ರವರೆಗೆ. ಈ ಕಾಲವನ್ನು ಗೊತ್ತುಮಾಡುವ ಆಧಾರಗಳಲ್ಲೊಂದು ಒಳಮೊಗಸಾಲೆಯಿಂದ ಗರ್ಭಾಂಗಣಕ್ಕೆ ಹೋಗುವ ಬಾಗಿಲ ಮೇಲಿದೆ. ಸಿಂಹಾಸನದಲ್ಲಿ ಕ್ರಿಸ್ತ; ಅವನ ಬದಿಗೆ ಮೊಣಕಾಲೂರಿದ ಮೆಟೊಕೈಟಿಸ್, ಕೈಯಲ್ಲಿ ಚರ್ಚಿನ ಪುಟ್ಟ ಪ್ರತಿರೂಪ, ತಲೆಯ ಮೇಲೆ ದರ್ಬಾರಿನ ಭಾರೀ ಪಟ್ಟೆಟೋಪಿ. ದೇವರೆದುರು ಬಾಗಿದ್ದಾನೆ, ಟೋಪಿ ತೆಗೆದಿಲ್ಲ. ಪಕ್ಕದ ಬರಹ ಅವನನ್ನು ಕಟ್ಟಿಸಿದವನು ಎಂದೂ, 'ಗೆನಿಕಾನ್‌ನ ಲೊಗೊಥೆಟ್', ಅಂದರೆ ಖಜಾನೆಯ ಮುಖ್ಯಸ್ಥ ಎಂದೂ ಕರೆಯುತ್ತದೆ. 1321ರಲ್ಲಿ ಅವನು ಮಹಾ ಲೊಗೊಥೆಟ್, ಎಂದರೆ ಆಡಳಿತದ ಪ್ರಧಾನನಾದ. ಆ ಪದವಿ ಬಂದ ಮೇಲೆ ಬರೆಸಿದ್ದರೆ ಹಳೆಯ ಬಿರುದನ್ನು ಹಾಕಿಸಿಕೊಳ್ಳುವವನು ಅವನಲ್ಲ.

ಹೊರಮೊಗಸಾಲೆಯ ಒಂದು ಚಿತ್ರವಂತೂ ಇನ್ನೂ ಹೆಚ್ಚು ಹೇಳುತ್ತದೆ. ಯೇಸು ಹುಟ್ಟುವ ಮುನ್ನ ಜೋಸೆಫ್ ಮತ್ತು ತುಂಬು ಗರ್ಭಿಣಿ ಮೇರಿ ಬೆತ್ಲೆಹೆಮಿನಲ್ಲಿ ಹೆಸರು ನೋಂದಾಯಿಸಲು ಹೋದ ಪ್ರಸಂಗ ಲೂಕನ ಸುವಾರ್ತೆಯಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ; ಬೈಜಾಂಟಿನ್ ಕಲೆಯಲ್ಲಿ ಇದರ ಚಿತ್ರಣ ಅಪರೂಪ. ಇಲ್ಲಿ ಅದಕ್ಕೆ ಕಮಾನಿನಡಿಯ ಇಡೀ ಅರೆವೃತ್ತ ಸಿಕ್ಕಿದೆ. ಎಡಗಡೆ ರಾಜ್ಯಪಾಲ ಕ್ವಿರಿನಿಯಸ್ ಗಂಭೀರವಾಗಿ ಕುಳಿತಿದ್ದಾನೆ, ಅವನ ಹಿಂದೆ ಕಾವಲಿನವನು, ನಡುವೆ ಸುರುಳಿ ಬಿಡಿಸಿಕೊಂಡ ಗುಮಾಸ್ತ, ಎದುರಿಗೆ ನೀಲಿ ವಸ್ತ್ರದ ಮೇರಿ ತಲೆಬಾಗಿ ನಿಂತಿದ್ದಾಳೆ. ಅಧಿಕಾರಿಗಳ ಉಡುಪು ಚಿತ್ರ ಬರೆಸಿದ ಕಾಲದ ದರ್ಬಾರಿನದು. ಕಲಾ ಇತಿಹಾಸಕಾರ ರಾಬರ್ಟ್ ನೆಲ್ಸನ್ 1999ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ದೃಶ್ಯವನ್ನು ದಾನಿಯ ಹುದ್ದೆಗೆ ಜೋಡಿಸಿ ಓದಿದ್ದಾರೆ. ಅವರ ವಾದ ನನಗೆ ಒಪ್ಪಿಗೆ. ತೆರಿಗೆಗೆ ದೇವಮಾತೆಯೇ ತಲೆಬಾಗಿದಳು ಎಂದು ತೋರಿಸಿಕೊಳ್ಳುವ ಅಗತ್ಯ ಯಾರಿಗಿತ್ತು? ಇತಿಹಾಸಕಾರ ನಿಕೆಫೊರಸ್ ಗ್ರೆಗೊರಾಸ್ (ಇವನು ಮೆಟೊಕೈಟಿಸ್‌ನ ಶಿಷ್ಯ) ಹೇಳುವಂತೆ, 1321ರ ಸುಮಾರಿಗೆ ತೆರಿಗೆ ಏರಿಸಿ ವರ್ಷದ ಆದಾಯವನ್ನು 10 ಲಕ್ಷ ಹೈಪರ್‌ಪೈರಾನ್‌ಗೆ ಮುಟ್ಟಿಸಲಾಗಿತ್ತು. ಅದರಿಂದ 20 ಯುದ್ಧನೌಕೆ, 3,000 ಕುದುರೆಸವಾರರ ಪಡೆ ಕಟ್ಟುವ ಯೋಜನೆಯಿತ್ತು. ಪಡೆ ಏಳಲಿಲ್ಲ, ಅಂತರ್ಯುದ್ಧ ಎದ್ದಿತು. ಹುದ್ದೆಗಳನ್ನು ಮಾರಿ ಹಣ ಮಾಡಿಕೊಂಡನೆಂಬ ಆರೋಪವೂ ಮಂತ್ರಿಯ ಮೇಲಿತ್ತು. ರಾಜ್ಯ ಬಡವಾದಾಗ ಅದರ ದೊಡ್ಡ ಅಧಿಕಾರಿಗಳೂ ಬಡವಾಗಬೇಕೆಂದೇನೂ ಇಲ್ಲ. ಸಾರ್ವಜನಿಕ ಬೊಕ್ಕಸದಿಂದ ಖಾಸಗಿ ಕೈಗಳಿಗೆ ಜಾರಿದ ಸಂಪತ್ತು ಈ ಕಾಲದ ಕಲೆಗೆ ಆಧಾರವಾಯಿತು ಎಂಬುದು ನನ್ನ ತೀರ್ಮಾನ.

ಇಷ್ಟು ಹೇಳಿದ್ದರಿಂದ ಕಲೆಯ ಬೆಲೆ ತಗ್ಗುವುದಿಲ್ಲ. ಒಳಮೊಗಸಾಲೆಯಲ್ಲಿ ಯಾಕೋಬನ ಹೆಸರಿನ ಪುರಾತನ ಸುವಾರ್ತೆಯಿಂದ ಎತ್ತಿಕೊಂಡ ಮೇರಿಯ ಬಾಲ್ಯವಿದೆ: ಮಗುವಿನ ಮೊದಲ ಏಳು ಹೆಜ್ಜೆ, ಅಪ್ಪ ಜೋಕಿಮ್ ಅಮ್ಮ ಆನ್ನಾ ಸೇರಿ ಅವಳನ್ನು ಮುದ್ದಿಸುವುದು. ದಕ್ಷಿಣಕ್ಕೆ ಸೇರಿಸಿ ಕಟ್ಟಿದ ಸಮಾಧಿಮಂದಿರದಲ್ಲಿ ಮೊಸಾಯಿಕ್ ಇಲ್ಲ, ಭಿತ್ತಿಚಿತ್ರ ಇದೆ. ಅದರ ಪೂರ್ವದ ಅರೆಗುಮ್ಮಟದಲ್ಲಿ ಬಿಳಿಯುಡುಗೆಯ ಕ್ರಿಸ್ತ ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಗೋರಿಯಿಂದ ಸೆಳೆದೆತ್ತುತ್ತಿದ್ದಾನೆ. ಕಾಲಡಿಯಲ್ಲಿ ಕಟ್ಟಿಹಾಕಿದ ಸೈತಾನ, ಸುತ್ತ ಚೆಲ್ಲಾಡಿದ ಬೀಗ, ಕೀಲಿಗಳು. ಆ ಎಳೆತದ ವೇಗಕ್ಕೆ ಸಾಟಿಯಾದ ಚಿತ್ರ ಹಿಂದಿನ ಬೈಜಾಂಟಿನ್ ಕಲೆಯಲ್ಲಿ ಸಿಗುವುದು ಕಷ್ಟ. ಕೆಲವೇ ವರ್ಷಗಳ ಹಿಂದೆ ಇಟಲಿಯ ಪಾದುವಾದಲ್ಲಿ ಜೊತ್ತೊ ತನ್ನ ಚಿತ್ರಗಳನ್ನು ಮುಗಿಸಿದ್ದ. ಜೊತ್ತೊನ ಹೆಸರು ಜಗತ್ತಿಗೇ ಗೊತ್ತು. ಇಲ್ಲಿ ಹಣ ಕೊಟ್ಟವನ ಹೆಸರು ಉಳಿದಿದೆ, ಕುಂಚ ಹಿಡಿದವರದು ಉಳಿದಿಲ್ಲ.

1328ರಲ್ಲಿ ಮೊಮ್ಮಗ ಮೂರನೆಯ ಆಂಡ್ರೊನಿಕಸ್ ಅಜ್ಜನನ್ನು ಪಟ್ಟದಿಂದ ಇಳಿಸಿದ. ಜನ ಮೆಟೊಕೈಟಿಸ್‌ನ ಅರಮನೆಯನ್ನು ಸೂರೆಮಾಡಿದರು, ಅವನನ್ನು ಡಿಡಿಮೊಟೀಕೊಗೆ ಗಡೀಪಾರು ಮಾಡಲಾಯಿತು. 1330ರಲ್ಲಿ ಹಿಂತಿರುಗಲು ಅಪ್ಪಣೆ ಸಿಕ್ಕಾಗ ಮನೆ ಇರಲಿಲ್ಲ. ತಾನೇ ಸಜ್ಜುಗೊಳಿಸಿದ್ದ ಮಠದಲ್ಲಿ ಉಳಿದು, ಥಿಯೊಲೆಪ್ಟಸ್ ಎಂಬ ಸನ್ಯಾಸನಾಮ ಪಡೆದು 1332ರ ಮಾರ್ಚ್‌ನಲ್ಲಿ ತೀರಿಕೊಂಡ. ದೇಶಭ್ರಷ್ಟನಾಗಿದ್ದಾಗ ಮಠದ ಸನ್ಯಾಸಿಗಳಿಗೆ ಬರೆದದ್ದರಲ್ಲಿ ಅವನು ಬೇಡಿಕೊಂಡದ್ದು ಅಲ್ಲಿ ಇಟ್ಟಿದ್ದ ಪುಸ್ತಕಗಳನ್ನು ಜೋಪಾನ ಮಾಡಿ ಎಂದು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1453ರಲ್ಲಿ ನಗರ ಬಿದ್ದ ಸುಮಾರು ಅರ್ಧ ಶತಮಾನದ ನಂತರ ಎರಡನೆಯ ಬಾಯಜೀದನ ವಜೀರ ಅತಿಕ್ ಅಲಿ ಪಾಷಾ ಚರ್ಚನ್ನು ಮಸೀದಿಯಾಗಿಸಿದ. ಅದು ಕಾರಿಯೆ ಮಸೀದಿಯಾಯಿತು. ಚಿತ್ರಗಳನ್ನು ಕೆತ್ತಿ ತೆಗೆಯಲಿಲ್ಲ. ಬಹುಪಾಲು ಸುಣ್ಣ, ಗಾರೆ, ಮರದ ಹಲಗೆಗಳ ಹಿಂದೆ ಉಳಿದವು. 1945ರಲ್ಲಿ ತುರ್ಕಿ ಸರ್ಕಾರ ಅದನ್ನು ವಸ್ತುಸಂಗ್ರಹಾಲಯವೆಂದು ಘೋಷಿಸಿತು. 1948ರಿಂದ ಥಾಮಸ್ ವಿಟ್ಟಿಮೋರ್, ಅವರ ನಂತರ ಪಾಲ್ ಅಂಡರ್‌ವುಡ್ ಚಿತ್ರಗಳನ್ನು ಶುಚಿಗೊಳಿಸುವ ಕೆಲಸ ನಡೆಸಿದರು. 1958ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2020ರ ಆಗಸ್ಟ್‌ನಲ್ಲಿ ಮತ್ತೆ ಮಸೀದಿಯೆಂದು ಆದೇಶವಾಯಿತು, 2024ರ ಮೇ 6ರಿಂದ ನಮಾಜು ಆರಂಭವಾಗಿದೆ. ಸಂದರ್ಶಕರಿಗೆ ಪ್ರವೇಶವಿದೆ. ಆದರೂ ಕಟ್ಟಡದ ಬಳಕೆ ಇಷ್ಟು ಸಲ ಬದಲಾಗಿರುವಾಗ ಕೋರಾವನ್ನು ಅಧ್ಯಯನ ಮಾಡುವವರು ಸ್ಥಳವನ್ನಷ್ಟೇ ನೆಚ್ಚಿ ಕೂರಬಾರದು. 1966ರಲ್ಲಿ ಹೊರಬಂದ ಅಂಡರ್‌ವುಡ್ಡರ ಮೂರು ಸಂಪುಟಗಳಿಂದಲೇ ಕೆಲಸ ಆರಂಭಿಸಬೇಕು.