ಧನುಷ್ಕೋಡಿಗೆ ಹೋಗುತ್ತಿದ್ದ ರೈಲುದಾರಿ

ರಾಮೇಶ್ವರಕ್ಕೆ ರೈಲಿನಲ್ಲಿ ಹೋಗುವ ಯಾತ್ರಿಕರಿಗೆ ಇಂದು ಪಾಂಬನ್ ಎಂದರೆ ಸಮುದ್ರದ ಸೇತುವೆ ದಾಟಿದ ಮೇಲೆ ಸಿಗುವ ಚಿಕ್ಕ ಸ್ಟೇಷನ್, ಅಷ್ಟೆ. 1964ರ ಡಿಸೆಂಬರಿನವರೆಗೆ ಅದು ಜಂಕ್ಷನ್ ಆಗಿತ್ತು. ದ್ವೀಪಕ್ಕೆ ಬಂದ ಹಳಿ ಅಲ್ಲಿ ಎರಡಾಗುತ್ತಿತ್ತು: ಎಡಕ್ಕೆ ರಾಮೇಶ್ವರ, ಬಲಕ್ಕೆ ಧನುಷ್ಕೋಡಿ. ದೊಡ್ಡ ಗಾಡಿಗಳೆಲ್ಲ ಧನುಷ್ಕೋಡಿಗೇ ಹೋಗುತ್ತಿದ್ದವು. ರಾಮನಾಥಸ್ವಾಮಿಯ ಊರಿನದು ಬರೀ ಶಾಖಾಮಾರ್ಗ. ಈಗ ಶಾಖೆ ಉಳಿದುಕೊಂಡಿದೆ, ಮುಖ್ಯ ಮಾರ್ಗವೇ ಇಲ್ಲ.

ಧನುಷ್ಕೋಡಿ ಇರುವುದು ದ್ವೀಪದ ಆಗ್ನೇಯ ತುದಿಯಲ್ಲಿ, ಕಡಲೊಳಗೆ ಚಾಚಿದ ಮರಳಪಟ್ಟಿಯ ಮೇಲೆ. ಒಂದು ಮಗ್ಗುಲಿಗೆ ಪಾಕ್ ಕೊಲ್ಲಿಯ ತಣ್ಣಗಿನ ನೀರು, ಇನ್ನೊಂದಕ್ಕೆ ಮನ್ನಾರ್ ಖಾರಿಯ ಅಬ್ಬರ. ಶ್ರದ್ಧಾವಂತರಿಗೆ ಇದು ಸೇತುಸ್ನಾನದ ಜಾಗ. ನಮ್ಮ ಕಡೆಯಲ್ಲೂ ಕಾಶಿಯಾತ್ರೆ ಪೂರ್ತಿಯಾಗಬೇಕಾದರೆ ಸೇತುವಿನ ಮರಳನ್ನು ಪ್ರಯಾಗದಲ್ಲಿ ಬಿಟ್ಟು, ಅಲ್ಲಿಂದ ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಬೇಕು ಎನ್ನುವ ಹಿರಿಯರಿದ್ದಾರೆ. ಆದರೆ ಆ ಮರಳಪಟ್ಟಿಯ ಮೇಲೆ ಪೇಟೆ ಬೆಳೆದದ್ದು ಭಕ್ತಿಯಿಂದಲ್ಲ, ರೈಲಿನಿಂದ.

ಮೊದಲು ಸಿಂಹಳಕ್ಕೆ ಹೋಗುವವರು ತೂತ್ತುಕುಡಿಯಲ್ಲಿ ಹಡಗು ಹತ್ತುತ್ತಿದ್ದರು. ಅದು ದೂರದ ಪ್ರಯಾಣ. ದಕ್ಷಿಣ ಭಾರತ ರೈಲ್ವೆಯ ಹಳಿ 1902ರಲ್ಲಿ ದ್ವೀಪದ ಎದುರು ದಡದ ಮಂಡಪಂ ಮುಟ್ಟಿತು. 1914ರ ಫೆಬ್ರವರಿ 24ರಂದು ಎರಡು ಕಿಲೋಮೀಟರಿಗೂ ಉದ್ದದ ಪಾಂಬನ್ ಸೇತುವೆ ತೆರೆಯಿತು. ಅದರ ನಡುವಿನ ತೆರೆಯುವ ಭಾಗವನ್ನು ಹಡಗು ಬಂದಾಗ ಎರಡೂ ಕಡೆ ಆಳುಗಳು ನಿಂತು ಸನ್ನೆಕೋಲು ತಿರುಗಿಸಿ ಎತ್ತಬೇಕಿತ್ತು. ಅದೇ ವರ್ಷ ಸಿಂಹಳದ ದಡದಲ್ಲಿ ತಲೈಮನ್ನಾರಿಗೂ ಹಳಿ ಬಂತು. ನಡುವೆ ಉಳಿದದ್ದು ಸುಮಾರು 35 ಕಿಲೋಮೀಟರ್ ಸಮುದ್ರ. ಮದರಾಸಿನ ಎಗ್ಮೋರಿನಲ್ಲಿ ಕೊಳಂಬೋವರೆಗೆ ಒಂದೇ ಟಿಕೆಟ್ ಕೊಳ್ಳಬಹುದಿತ್ತು: ಇತ್ತ ಮೀಟರ್ ಗೇಜ್ ಗಾಡಿ, ನಡುವೆ ಉಗಿಹಡಗು, ಅತ್ತ ಬ್ರಾಡ್ ಗೇಜ್ ಗಾಡಿ. ಇಂಡೋ-ಸಿಲೋನ್ ಎಕ್ಸ್‌ಪ್ರೆಸ್ ಎಂಬುದು ಅದರ ಕಾಗದದ ಹೆಸರು, ಜನರ ಬಾಯಲ್ಲಿ ಅದು ಬೋಟ್ ಮೇಲ್.

ಗಾಡಿ ಹಡಗುಕಟ್ಟೆಗೇ ಹೋಗಿ ನಿಲ್ಲುತ್ತಿತ್ತು. ಸುಂಕದ ತಪಾಸಣೆ ಮುಗಿಸಿ ಪೆಟ್ಟಿಗೆ ಹೊರಿಸಿಕೊಂಡು ನಾಲ್ಕು ಹೆಜ್ಜೆ ನಡೆದರೆ ಹಡಗು. ಈ ವ್ಯವಸ್ಥೆಯ ಸುತ್ತಲೇ ಊರು ಬೆಳೆಯಿತು: ಸುಂಕದ ಕಟ್ಟೆ, ಅಂಚೆ ಕಚೇರಿ, ಶಾಲೆ, ಇಗರ್ಜಿ, ರೈಲ್ವೆಯವರ ವಸತಿ. ಒಣಮೀನು, ಜವಳಿ ಸಿಂಹಳಕ್ಕೆ ಹೋಗುತ್ತಿದ್ದವು.

ಈ ಮಾರ್ಗವನ್ನು ಅತಿ ಹೆಚ್ಚು ಬಳಸಿದವರು ಯಾತ್ರಿಕರಲ್ಲ, ದೊರೆಗಳೂ ಅಲ್ಲ. ಸಿಂಹಳದ ಚಹಾ ತೋಟಗಳಿಗೆ ಹೊರಟ ತಮಿಳು ಕೂಲಿಗಳು. ಕಂಗಾಣಿ ಎಂಬ ಮೇಸ್ತ್ರಿ ಹಳ್ಳಿಹಳ್ಳಿಯಿಂದ ಅವರನ್ನು ಕರೆತರುತ್ತಿದ್ದ. ಮಂಡಪಂನಲ್ಲಿ ಸಿಂಹಳ ಸರ್ಕಾರವೇ ನಡೆಸುತ್ತಿದ್ದ ಶಿಬಿರವೊಂದಿತ್ತು. ಕಾಲರಾ, ಸಿಡುಬು ಆಚೆ ದಡಕ್ಕೆ ಹೋಗಬಾರದೆಂದು ಅಲ್ಲಿ ಕೆಲವು ದಿನ ಕೂಡಿಹಾಕಿ, ಬಟ್ಟೆಬರೆಗೆ ಔಷಧ ಹಾಕಿ, ಆಮೇಲೆ ಧನುಷ್ಕೋಡಿಯ ಗಾಡಿ ಹತ್ತಿಸುತ್ತಿದ್ದರು. ಇಂದು ಊರು ನೋಡಲು ಬಂದವರಿಗೆ ಹೇಳುವ ಕತೆಯಲ್ಲಿ ರಾಮಸೇತು ಇರುತ್ತದೆ, ಬಿರುಗಾಳಿ ಇರುತ್ತದೆ. ಈ ಕೂಲಿಗಳು ಕಾಣಿಸುವುದು ಅಪರೂಪ. ನನ್ನ ಮಟ್ಟಿಗೆ ಈ ದಾರಿಯ ಚರಿತ್ರೆ ಎಂದರೆ ಮೊದಲು ಅವರ ಚರಿತ್ರೆ.

1964ರ ಡಿಸೆಂಬರ್ 22ರ ರಾತ್ರಿ 653ನೆಯ ನಂಬರಿನ ಪ್ಯಾಸೆಂಜರ್ ಗಾಡಿ ಪಾಂಬನ್ನಿನಿಂದ ಹೊರಟಿತು. ಲೆಕ್ಕದ ಪ್ರಕಾರ 110 ಪ್ರಯಾಣಿಕರು, 5 ಸಿಬ್ಬಂದಿ. ಚಂಡಮಾರುತದ ಅಲೆ ಗಾಡಿಯನ್ನು ಹೊಡೆದಾಗ ಧನುಷ್ಕೋಡಿ ಇನ್ನು ತೀರ ಹತ್ತಿರ. ಅದರಲ್ಲಿದ್ದ ಯಾರೂ ಉಳಿಯಲಿಲ್ಲ. ಅದೇ ರಾತ್ರಿ ಊರೂ ಹೋಯಿತು, ಹಡಗುಕಟ್ಟೆಯೂ ಹೋಯಿತು. ಪಾಂಬನ್ ಸೇತುವೆಯ ನೂರಕ್ಕೂ ಹೆಚ್ಚು ಗರ್ಡರುಗಳು ಕಡಲು ಸೇರಿದವು. ಎತ್ತುವ ಭಾಗ ಮಾತ್ರ ಅಲುಗದೆ ನಿಂತಿತ್ತು.

ಆಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೇತುವೆ ರಿಪೇರಿಯ ಹೊಣೆ ಬಿದ್ದದ್ದು ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್ ಮೇಲೆ. ದೂರದಲ್ಲಿ ಮುಳುಗಿದ್ದ ಗರ್ಡರುಗಳಿರುವ ಕಡೆಯನ್ನು ಮೀನುಗಾರರು ತೋರಿಸಿದರು. ಅವನ್ನೇ ಮೇಲೆತ್ತಿ ಕೂಡಿಸಿ 46 ದಿನಗಳಲ್ಲಿ ಗಾಡಿ ಓಡುವಂತೆ ಮಾಡಿದ್ದಾಯಿತು. ಆದರೆ ಹಳಿ ಜೋಡಿಸಿದ್ದು ರಾಮೇಶ್ವರದವರೆಗೆ ಮಾತ್ರ. ಧನುಷ್ಕೋಡಿ ವಾಸಕ್ಕೆ ಯೋಗ್ಯವಲ್ಲವೆಂದು ಮದರಾಸು ಸರ್ಕಾರ ಸಾರಿಬಿಟ್ಟಿತ್ತು. ಮರಳಿನ ಮೇಲೆ ಮತ್ತೆ ಪೇಟೆ ಕಟ್ಟಬಾರದೆಂಬುದು ಸರಿಯಾದ ತೀರ್ಮಾನ ಎಂದೇ ನನಗೂ ಅನ್ನಿಸುತ್ತದೆ. ಆದರೂ ಊರನ್ನು ಕೆಡವಿದ್ದು ಒಂದು ರಾತ್ರಿಯ ಗಾಳಿಯಾದರೆ, ಅದು ಮತ್ತೆ ಏಳದಂತೆ ಮಾಡಿದ್ದು ರೈಲು ಬಾರದೇ ಹೋದದ್ದು. ಹಡಗಿನ ಸಂಚಾರ ರಾಮೇಶ್ವರಕ್ಕೆ ಹೋದ ಮೇಲೆ ಧನುಷ್ಕೋಡಿಗೆ ಪೇಟೆಯಾಗಿರಲು ಕಾರಣವೇ ಉಳಿಯಲಿಲ್ಲ.

ಬಿರುಗಾಳಿಗೆ ಎರಡು ತಿಂಗಳು ಮೊದಲು, ಅಕ್ಟೋಬರಿನಲ್ಲಿ, ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಂಹಳದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಿಂಹಳದಲ್ಲಿದ್ದ, ಬಹುಪಾಲು ತೋಟದ ಕೂಲಿಗಳೇ ಆದ, ಭಾರತ ಮೂಲದ 5,25,000 ಮಂದಿಯನ್ನು ಭಾರತ ವಾಪಸು ಕರೆಸಿಕೊಳ್ಳಬೇಕೆಂದು ಅದರಲ್ಲಿತ್ತು. ಅಜ್ಜಂದಿರು ಧನುಷ್ಕೋಡಿಯಲ್ಲಿ ಹಡಗು ಹತ್ತಿದ್ದರೆ ಮೊಮ್ಮಕ್ಕಳು 'ರಾಮಾನುಜಂ' ಹಡಗಿನಲ್ಲಿ ರಾಮೇಶ್ವರಕ್ಕೆ ಬಂದು ಇಳಿದರು, ಮತ್ತೆ ಅದೇ ಮಂಡಪಂ ಶಿಬಿರ ಸೇರಿದರು. ಅವರಲ್ಲಿ ಕೆಲವರನ್ನು ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಲಾಯಿತು. ಅವರ ಮಕ್ಕಳು ಮರಿಗಳು ಇವತ್ತಿಗೂ ಅಲ್ಲಿದ್ದಾರೆ. ಮುರಿದುಬಿದ್ದ ಆ ರೈಲುದಾರಿಯ ಒಂದು ಕೊನೆ ಹೀಗೆ ದಕ್ಷಿಣ ಕನ್ನಡದಲ್ಲಿದೆ.

ಶ್ರೀಲಂಕಾದ ಅಂತರ್ಯುದ್ಧದ ದಿನಗಳಲ್ಲಿ ಹಡಗು ನಿಂತಿತು, 1990ರಲ್ಲಿ ತಲೈಮನ್ನಾರಿನ ಹಳಿಯೂ ಮುಚ್ಚಿತು. ಶ್ರೀಲಂಕಾದವರು 2015ರಲ್ಲಿ ಅದನ್ನು ಮತ್ತೆ ತೆರೆದರು. ನಮ್ಮ ಕಡೆ ರಾಮೇಶ್ವರದಿಂದ ಧನುಷ್ಕೋಡಿಗೆ 17 ಕಿಲೋಮೀಟರ್ ಹೊಸ ಹಳಿಗೆ 2019ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು, ಹಳಿ ಮಾತ್ರ ಬೀಳಲಿಲ್ಲ. 2025ರ ಏಪ್ರಿಲಿನಲ್ಲಿ ಪಾಂಬನ್ನಿಗೆ ಹೊಸ ಸೇತುವೆ ಬಂತು. ಅದನ್ನು ದಾಟಿದ ಗಾಡಿಗಳೂ ರಾಮೇಶ್ವರದಲ್ಲೇ ನಿಲ್ಲುತ್ತವೆ.

ಧನುಷ್ಕೋಡಿಯನ್ನು ಭೂತದ ಊರು ಎಂದು ಕರೆಯುವುದು ರೂಢಿಯಾಗಿದೆ. ಅದು ತಪ್ಪು. ಮೀನುಗಾರ ಕುಟುಂಬಗಳು ಆ ಮರಳನ್ನು ಬಿಟ್ಟುಹೋಗಲಿಲ್ಲ. ತಾಳೆಗರಿಯ ಗುಡಿಸಲು ಹಾಕಿಕೊಂಡು ಅಲ್ಲೇ ಇದ್ದಾರೆ. ಎರಡು ಸಮುದ್ರಗಳ ನಡುವಿನ ಆ ನೆಲದಲ್ಲಿ ಎಲ್ಲಿ ಮರಳು ತೋಡಿದರೆ ಸಿಹಿನೀರು ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಸ್ಟೇಷನ್ನಿನ ಮುರುಕು ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳುವವರಿಗೆ ಅವರ ಹೆಂಗಸರು ಶಂಖ, ಕವಡೆ ಮಾರುತ್ತಾರೆ. 2017ರಲ್ಲಿ ತುದಿಯವರೆಗೂ ಡಾಂಬರು ರಸ್ತೆ ಬಂದ ಮೇಲೆ ಕೊಳ್ಳುವವರು ಹೆಚ್ಚಿದ್ದಾರೆ. ಮುಂದೆಂದಾದರೂ ಹಳಿ ಹಾಕುವುದಾದರೆ ಈ ಮನೆಗಳನ್ನು ಎಬ್ಬಿಸದೆ ಹಾಕಬೇಕು, ಅವರ ಮೀನಿನ ಬುಟ್ಟಿಗೂ ಗಾಡಿಯಲ್ಲಿ ಜಾಗ ಇರಬೇಕು.